ಡಾಕ್ಟರಿಗಿಂತ ದೊಡ್ಡವರು ಬರೆದ ಪುಸ್ತಕಗಳು

ಮುಧೋಳದ ನಮ್ಮ ಅಡುಗೆಮನೆಗೆ ಇರುವುದು ಒಂದೇ ಕಿಟಕಿ. ಅದು ಪಕ್ಕದ ಮನೆಯ ಅಡುಗೆಮನೆಯ ಕಿಟಕಿಗೆ ನೇರ ಎದುರು. ಹೀಗಾಗಿ ಅವರ ಪಲ್ಯ ಸೀದದ್ದು ಅವರಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಮೊನ್ನೆ ಬೆಳಿಗ್ಗೆ ಅಲ್ಲಿಂದ ಮಿಕ್ಸಿ ತಿರುಗಿದ ಸದ್ದು ಬಂತು, ಅದರ ಹಿಂದೆಯೇ ಹಸಿ ಹಾಗಲಕಾಯಿಯ ಕಹಿ ವಾಸನೆ. ಪಕ್ಕದ ಮನೆಯ ಯಜಮಾನರು ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಗ್ಲಾಸು ಬರಿದು ಮಾಡಿದರು. ಆಮೇಲೆ ಮುಖದ ಸ್ನಾಯುಗಳನ್ನೆಲ್ಲ ಒಟ್ಟುಗೂಡಿಸಿ ನನ್ನತ್ತ ನೋಡಿ ನಗಲು ಹವಣಿಸಿದರು. "ಪುಸ್ತಕದಾಗ ಬರದಾರ್ರಿ ಟೀಚರ್," ಎಂದರು.

ನನಗೆ ಬನಹಟ್ಟಿಯ ಕಾಕಾ ನೆನಪಾದರು.

ಕಾಕಾ ನನ್ನ ಅಪ್ಪನ ತಮ್ಮ. ನೀರಾವರಿ ಇಲಾಖೆಯ ಕಚೇರಿಯಲ್ಲಿ ಕಾರಕೂನರಾಗಿದ್ದು ನಿವೃತ್ತರಾದವರು. ಸರ್ಕಾರಿ ಕಡತದಲ್ಲಿ ತಾವೇ ಬರೆದದ್ದನ್ನು ಒಂದು ದಿನವೂ ನಂಬಿದವರಲ್ಲ. ಆದರೆ ಅಚ್ಚಾಗಿ, ಬಣ್ಣದ ರಟ್ಟು ಹೊದ್ದು ಬಂದ ಯಾವ ಮಾತನ್ನೂ ಅನುಮಾನಿಸಿದವರಲ್ಲ. ಮನುಷ್ಯನಿಗೆ ಎಲ್ಲಾದರೂ ಒಂದು ಕಡೆ ನಂಬಿಕೆ ಬೇಕಲ್ಲ, ಅವರು ಅದನ್ನು ನಿವೃತ್ತಿಯ ತನಕ ಖರ್ಚು ಮಾಡದೆ ಕೂಡಿಟ್ಟಿದ್ದರು ಅನಿಸುತ್ತದೆ.

ನಿವೃತ್ತರಾದ ಹೊಸತರಲ್ಲಿ ಜಮಖಂಡಿಯ ಡಾಕ್ಟರೊಬ್ಬರು ಅವರ ತೋಳಿಗೆ ಪಟ್ಟಿ ಸುತ್ತಿ, ಬಿ.ಪಿ. ಇದೆ ಎಂದರು. ದಿನಕ್ಕೊಂದು ಗುಳಿಗೆ ತೆಗೆದುಕೊಳ್ಳಿ, ಉಪ್ಪು ಕಡಿಮೆ ಮಾಡಿ, ಸ್ವಲ್ಪ ನಡೆಯಿರಿ ಎಂದರು. ಅಷ್ಟೇ. ಕಾಕಾಗೆ ಅವಮಾನವಾಯಿತು. ಇಷ್ಟು ವರ್ಷ ಬಾಳಿದ ದೇಹಕ್ಕೆ ಇಷ್ಟು ಸಣ್ಣ ಉಪಾಯವೇ? ಹೊರಗೆ ಬಂದು ನನ್ನ ಮುಂದೆ ಗೊಣಗಿದರು: "ಇಂವಗ ಏನೂ ಗೊತ್ತಿಲ್ಲ ಬಿಡ ತಂಗಿ. ಎರಡ ಮಾತಿನ್ಯಾಗ ಮುಗಿಸಿಬಿಟ್ಟ."

ಎರಡು ಮಾತಿಗೆ ಬದಲಾಗಿ ಮುನ್ನೂರು ಪುಟ ಹೇಳುವವರು ಬೇಕಾಗಿತ್ತು. ಅಂಥವರು ಜಮಖಂಡಿಯಲ್ಲಿಯೇ, ಒಂದು ಕಲ್ಯಾಣ ಮಂಟಪದಲ್ಲಿ ನಡೆದಿದ್ದ ಪುಸ್ತಕ ಪ್ರದರ್ಶನದಲ್ಲಿ ಸಾಲಾಗಿ ಸಿಕ್ಕರು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳಾದ್ದರಿಂದ ಪುಸ್ತಕದ ವಿಷಯದಲ್ಲಿ ತಜ್ಞೆ ಎಂದು ನನ್ನನ್ನೂ ಎಳೆದುಕೊಂಡು ಹೋದರು. ನನ್ನ ತಜ್ಞತೆಯ ಬಗ್ಗೆ ನಿಮಗೆ ಹೇಳುವುದಾದರೆ, ನನ್ನ ಬಳಿಯೂ ಒಂದು ಯೋಗಾಸನದ ಪುಸ್ತಕವಿದೆ. ಅದನ್ನು ಮಂಚದ ಮೇಲೆ ಮಲಗಿಕೊಂಡೇ ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ಶವಾಸನ ಚೆನ್ನಾಗಿ ಬರುತ್ತದೆ.

ಕಾಕಾ ಪುಸ್ತಕ ಆರಿಸುವ ರೀತಿ ನೋಡುವಂತಿತ್ತು. ಮೊದಲು ಕೈಯಲ್ಲಿ ತೂಗುತ್ತಿದ್ದರು. ಹಗುರವಾದದ್ದು ಅಲ್ಲಿಯೇ ಅನರ್ಹ. ಆಮೇಲೆ ಹಿಂಬದಿಯ ಲೇಖಕರ ಭಾವಚಿತ್ರ. ಹಲ್ಲು ಬೆಳ್ಳಗಿದ್ದು, ಹಿಂದೆ ಬೆಟ್ಟವೋ ಸಮುದ್ರವೋ ಇದ್ದರೆ ಆ ಮನುಷ್ಯನಿಗೆ ಆರೋಗ್ಯ ಒಲಿದಿದೆ ಎಂದು ಅರ್ಥ. ಮುಖಪುಟದಲ್ಲಿ 'ರಹಸ್ಯ' ಎಂಬ ಮಾತು ಇರಲೇಬೇಕು. ಊರೂರಿಗೆ ಸಾವಿರಗಟ್ಟಲೆ ಅಚ್ಚು ಹಾಕಿ ಮಾರುವ ರಹಸ್ಯ ಅದೆಂಥ ರಹಸ್ಯ ಕಾಕಾ ಎಂದು ಕೇಳಿದೆ. "ನಿನಗ ತಿಳಿಯೂದಿಲ್ಲ, ಚೀಲ ಹಿಡಿ," ಎಂದರು. ಹಿಡಿದೆ.

ಓದುವುದು ಕಾಕಾನ ಕೆಲಸ, ಓದಿದ್ದನ್ನು ಆಚರಣೆಗೆ ತರುವುದು ಅವರ ಹೆಂಡತಿ, ನಮ್ಮ ಕಾಕುವಿನ ಕೆಲಸ. ಸ್ವಂತ ಆರೈಕೆ ಎಂಬ ಮಾತು ಆ ಪುಸ್ತಕಗಳಲ್ಲಿ ಪುಟಕ್ಕೊಮ್ಮೆ ಬರುತ್ತಿತ್ತು. ಬನಹಟ್ಟಿಯ ಆ ಮನೆಯಲ್ಲಿ ಅದರ ಅರ್ಥ, ಕಾಕಾನ ಆರೈಕೆಯನ್ನು ಕಾಕು ಮಾಡುವುದು. ಒಬ್ಬ ಲೇಖಕರು ಬೇಯಿಸಿದ್ದೆಲ್ಲ ವಿಷ ಎಂದರೆ ಕಾಕು ಹಸಿ ಕಾಯಿಪಲ್ಲೆ ಹೆಚ್ಚುತ್ತಿದ್ದಳು. ಮುಂದಿನ ತಿಂಗಳಿನವರು ಹಸಿಯದ್ದೆಲ್ಲ ವಿಷ ಎಂದರೆ ಕುದಿಸಿದ ನೀರನ್ನೇ ಮತ್ತೊಮ್ಮೆ ಕುದಿಸುತ್ತಿದ್ದಳು. ಬೆಳಕು ಹರಿಯುವ ಮೊದಲೇ ಎದ್ದು ಹಾಗಲಕಾಯಿ ಅರೆಯುತ್ತಿದ್ದಳು. ಇನ್ನೊಂದು ಪುಸ್ತಕ, ನಿಶ್ಶಬ್ದವಾದ ಜಾಗದಲ್ಲಿ ಕುಳಿತು ನಿಮ್ಮ ಉಸಿರಿನ ಸದ್ದನ್ನು ಆಲಿಸಿ ಎಂದಿತು. ಕಾಕಾನ ಮನೆಯ ಎಡಕ್ಕೂ ಬಲಕ್ಕೂ ಎದುರಿಗೂ ಪಾವರ್‌ಲೂಮು. ಆ ಓಣಿಯಲ್ಲಿ ಉಸಿರಿನ ಸದ್ದಿರಲಿ, ಬಾಗಿಲಿಗೆ ಬಂದವರು ಕೂಗಿದ್ದೂ ಕೇಳಿಸುವುದಿಲ್ಲ. ಕಾಕಾ ಸಿಟ್ಟಿನಿಂದ ಕಾಕುವಿಗೆ, ಕಿಟಕಿ ಮುಚ್ಚು, ಬಾಗಿಲು ಮುಚ್ಚು, ಮಿಕ್ಸಿ ನಿಲ್ಲಿಸು ಎಂದು ಒದರುತ್ತಾ ಶಾಂತಿಯನ್ನು ಸಾಧಿಸುತ್ತಿದ್ದರು.

ಎಲ್ಲಕ್ಕಿಂತ ನನಗೆ ನೆನಪಿರುವುದು ಜೋಳದ ಪ್ರಸಂಗ. ನಾನು ಅಂದು ಅಲ್ಲಿಯೇ ಇದ್ದೆ. ಕಾಕು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಪುಸ್ತಕ ಹಿಡಿದು ಓಡಿ ಬಂದರು.

"ಏ, ಕೇಳಿಲ್ಲೆ! ಜ್ವಾಳ ಅಂತ ಒಂದು ಧಾನ್ಯ ಐತೆಂತ. ಭಾರಿ ಶಕ್ತಿ ಐತೆಂತ ಅದರಾಗ. ಪರದೇಶದವರು ಹುಡುಕ್ಯಾಡಿ ತಿನ್ನಾಕತ್ತಾರಂತ."

ಕಾಕು ಕೈಯಲ್ಲಿದ್ದ ಹಿಟ್ಟನ್ನು ನೋಡಿದಳು. ಗಂಡನನ್ನು ನೋಡಿದಳು. "ಹೌದೇನ್ರಿ? ನಮ್ಮ ಕಡೆ ಸಿಗತೈತೇನೋ ವಿಚಾರಸ್ರಿ," ಎಂದು ಮತ್ತೆ ಬಡಿಯತೊಡಗಿದಳು. ನಾನು ನಗು ತಡೆಯಲು ನೀರು ಕುಡಿಯುವ ನೆಪ ಮಾಡಿದೆ. ಕಾಕಾಗೆ ಮಾತ್ರ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಇಷ್ಟರವರೆಗೆ ಇದು ನಗುವ ಕಥೆಯೇ. ಆಮೇಲೆ ಬಂದದ್ದು ಅತ್ಯಂತ ದಪ್ಪ ಪುಸ್ತಕ. ಅದರ ಲೇಖಕರ ಹಿಂದೆ ಬೆಟ್ಟ, ಸಮುದ್ರ ಎರಡೂ ಇದ್ದವು. ಗುಳಿಗೆಗಳೆಲ್ಲ ಮೋಸ, ದೇಹವೇ ದೊಡ್ಡ ವೈದ್ಯ, ಇಂದೇ ಬಿಟ್ಟುಬಿಡಿ ಎಂದು ಅದು ಹೇಳುತ್ತಿತ್ತು. ಕಾಕಾ ಯಾರಿಗೂ ಹೇಳದೆ ಬಿಟ್ಟುಬಿಟ್ಟರು. ಕಾಕು ದಿನಾ ನೀರಿನೊಂದಿಗೆ ಗುಳಿಗೆ ತಂದಿಡುತ್ತಿದ್ದಳು. ಅವಳು ಆಚೆ ಹೋದ ಕೂಡಲೇ ಅದು ಅಂಗಳದ ತುಳಸಿಗೆ ಅರ್ಪಣೆಯಾಗುತ್ತಿತ್ತು. ತುಳಸಿಯ ರಕ್ತದೊತ್ತಡ ಆ ದಿನಗಳಲ್ಲಿ ಬಹಳ ಹತೋಟಿಯಲ್ಲಿದ್ದಿರಬೇಕು.

ತೇರದಾಳದಲ್ಲಿ ನಮ್ಮ ಬಂಧುಗಳ ಮನೆಯ ಗೃಹಪ್ರವೇಶವಿತ್ತು. ಊಟವಾದ ಮೇಲೆ ಪೆಂಡಾಲಿನಲ್ಲಿ ಗಂಡಸರೆಲ್ಲ ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದರು. ಕಾಕಾ ನಡುವೆ ನಿಂತು ಉಪನ್ಯಾಸ ಶುರುಮಾಡಿದರು. "ನನ್ನ ನೋಡ್ರಿ. ಗುಳಿಗಿ ಬಿಟ್ಟ ಮ್ಯಾಲ ಹ್ಯಾಂಗ ಅದೇನಿ ನೋಡ್ರಿ," ಎಂದು ಕೈ ಎತ್ತಿದರು. ಕೈ ಅರ್ಧಕ್ಕೇ ನಿಂತಿತು. ಮುಂದಿನ ಮಾತು ಬಾಯಿಯ ಒಂದು ಮೂಲೆಯಿಂದ ಜಾರಿ ಹೋಯಿತು. ಜನ ಅದನ್ನೂ ಒಂದು ಆಸನ ಎಂದುಕೊಂಡು ಒಂದು ಗಳಿಗೆ ಗೌರವದಿಂದ ನೋಡುತ್ತಲೇ ಇದ್ದರು. ಅವರು ಪಕ್ಕದ ಕುರ್ಚಿಯ ಮೇಲೆ ಬಿದ್ದು ಅದರೊಂದಿಗೆ ಉರುಳಿದಾಗಲೇ ಎಲ್ಲರೂ ಎದ್ದದ್ದು.

ಯಾರದೋ ಕಾರಿನಲ್ಲಿ ಜಮಖಂಡಿಗೆ ಸಾಗಿಸಿದೆವು. ಕಾಕು ಹಿಂದಿನ ಸೀಟಿನಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ದಾರಿಯುದ್ದಕ್ಕೂ ಅವಳು ಅಳಲಿಲ್ಲ, ದೇವರನ್ನು ಕರೆಯಲಿಲ್ಲ; ಅವರ ಬಾಯಿಂದ ಇಳಿಯುತ್ತಿದ್ದ ಜೊಲ್ಲನ್ನು ರೇಷ್ಮೆ ಸೀರೆಯ ಸೆರಗಿನಿಂದ ಒರೆಸುತ್ತಲೇ ಇದ್ದಳು. ದವಾಖಾನೆಯಲ್ಲಿ ಹಿಂದಿನ ಡಾಕ್ಟರೇ ಇದ್ದರು. "ಗುಳಿಗಿ ಬರೋಬ್ಬರಿ ತಗೊಳ್ಳಾಕತ್ತಿದ್ರೇನ್ರಿ?" ಎಂದು ಕೇಳಿದರು. "ದಿನಾ ನಾನ ಕೊಡತಿದ್ನೆಲ್ರಿ," ಎಂದಳು ಕಾಕು. ಆಗ ಪೆಂಡಾಲಿನಿಂದ ನಮ್ಮೊಂದಿಗೆ ಬಂದಿದ್ದ ಬಂಧುವೊಬ್ಬರು, ಗುಳಿಗೆ ಬಿಟ್ಟೆ ಎಂದು ಕಾಕಾನೇ ಈಗಷ್ಟೇ ಭಾಷಣದಲ್ಲಿ ಹೇಳಿದ್ದನ್ನು ಡಾಕ್ಟರಿಗೆ ತಿಳಿಸಿದರು. ಕಾಕು ಆ ಮಾತು ಕೇಳಿ ಗೋಡೆ ಹಿಡಿದು ಬೆಂಚಿನ ಮೇಲೆ ಕುಳಿತಳು. ಅವಳ ಮುಖವನ್ನು ಹಾಗೆ ನಾನು ಯಾವತ್ತೂ ಕಂಡಿರಲಿಲ್ಲ.

ಕಾಕಾ ಬದುಕಿದರು. ಹೊತ್ತಿಗೆ ಸರಿಯಾಗಿ ತಂದಿರಿ ಎಂದರು ಡಾಕ್ಟರು. ಮಾತು ಬೇಗ ಮರಳಿತು, ಬಲಗೈ ಮಾತ್ರ ಮೊದಲಿನಂತಾಗಲಿಲ್ಲ. ಮನೆಗೆ ಬಂದ ದಿನ ಕಾಕು ಅವರಿಗೆ ದಿಂಬು ಸರಿಪಡಿಸುತ್ತಾ ಒಂದೇ ಮಾತು ಹೇಳಿದಳು. "ನಿಮಗ ಉಣಸಿದ್ದು, ತಿನಸಿದ್ದು ಎಲ್ಲಾ ನಾನು. ಆದ್ರ ನಂಬಿದ್ದು ಆ ಪುಸ್ತಕದಾಂವನ್ನ. ಅಂವ ಬಂದನೇನ್ರಿ, ನಿಮ್ಮನ್ನ ನೋಡಾಕ?" ಕಾಕಾ ಗೋಡೆಯ ಕಡೆ ಮುಖ ತಿರುಗಿಸಿದರು.

ಈ ಹಂತದಲ್ಲಿ ಕಾಕು ಪುಸ್ತಕಗಳನ್ನೆಲ್ಲ ಒಲೆಗೆ ಹಾಕಿದಳು ಎಂದು ಹೇಳಿದರೆ ನಿಮಗೆ ಸಮಾಧಾನವಾಗುತ್ತಿತ್ತೇನೋ. ಹಾಗೇನೂ ಆಗಲಿಲ್ಲ. ರದ್ದಿಯವನಿಗೆ ಕೊಟ್ಟಳು, ಅಷ್ಟೇ. ಆಮೇಲೆ ಮುಂದಿನ ಸಲ ನಾನು ಹೋದಾಗ, "ನಡಿ ಬೇ, ಜಮಖಂಡಿಗಿ ಹೋಗಿ ಒಂದು ಪುಸ್ತಕ ತರೂಣು," ಎಂದಳು. ನಾನು ಬೆಚ್ಚಿಬಿದ್ದೆ. ಆ ಮನೆಗೆ ಇನ್ನೊಂದು ಪುಸ್ತಕವೇ?

"ಕೈ ತಿರಗಸೂದು, ಕುಂದರಸೂದು, ಏಳಸೂದು ಎಲ್ಲಾ ದವಾಖಾನ್ಯಾಗ ಒಮ್ಮೆ ತೋರಿಸಿ ಕಳಿಸಿದ್ರು. ನನಗ ನೆನಪಿರೂದಿಲ್ಲ. ಬರದದ್ದು ಬೇಕು."

ಅಂಗಡಿಯವನು ಉತ್ಸಾಹಿ. ಲಕ್ವ ಹೊಡೆದವರ ಆರೈಕೆಯ ಪುಸ್ತಕ ಎಂದು ಕೇಳಿದ್ದೇ ತಡ, ಮೂರೇ ವಾರದಲ್ಲಿ ಲಕ್ವ ಮಾಯ ಮಾಡುವ ಒಂದನ್ನು ಮುಂದಿಟ್ಟ. ಕಾಕು ಅದನ್ನು ಮುಟ್ಟಲಿಲ್ಲ.

"ಬರದಾಂವ ಡಾಕ್ಟರೇನಪಾ?"

"ಡಾಕ್ಟರಿಗಿಂತ ದೊಡ್ಡವ್ರ್ರಿ ಅವ್ರು!"

"ಹಂಗಾರ ಬ್ಯಾಡ. ನಮಗ ಡಾಕ್ಟರಷ್ಟ ದೊಡ್ಡವ್ರು ಸಾಕು."

ಇನ್ನೊಂದು ತಂದ. ಕಾಕು ಮಧ್ಯದಲ್ಲಿ ತೆರೆದು, ಒಂದೊಂದೇ ಅಕ್ಷರ ಕೂಡಿಸಿ ಓದಿ, "ಇದರಾಗ ಗುಳಿಗಿ ಬಿಡ್ರಿ ಅಂತ ಐತಿ," ಎಂದು ಮುಚ್ಚಿಟ್ಟಳು. ಮತ್ತೊಂದರಲ್ಲಿ ಲೇಖಕರೇ ತಯಾರಿಸಿದ ಎಣ್ಣೆ ಎಲ್ಲಿ ಸಿಗುತ್ತದೆ ಎಂಬುದಕ್ಕೆ ಎರಡು ಪುಟ ಮೀಸಲಾಗಿದ್ದವು, ಅದನ್ನೂ ಸರಿಸಿದಳು. ಕೊನೆಗೆ ಅಂಗಡಿಯವನು ಸೋತು, ಧೂಳು ಹಿಡಿದ ಮೂಲೆಯಿಂದ ಒಂದು ತೆಳ್ಳನೆಯ ಪುಸ್ತಕ ಎಳೆದ. ಯಾರೋ ನರರೋಗದ ವೈದ್ಯರು ಬರೆದದ್ದು. ಭಾವಚಿತ್ರವಿಲ್ಲ, ರಹಸ್ಯವಿಲ್ಲ, ಮಾಯವಾಗುವ ಭರವಸೆಯೂ ಇಲ್ಲ. ಗೆರೆಯಲ್ಲಿ ಬರೆದ ಕೈಕಾಲಿನ ಚಿತ್ರಗಳು. ಎರಡು ಪುಟಕ್ಕೊಮ್ಮೆ 'ನಿಮ್ಮ ವೈದ್ಯರನ್ನು ಕೇಳಿ' ಎಂಬ ಮಾತು. ಇಷ್ಟು ನೀರಸವಾದ ಪುಸ್ತಕವನ್ನು ಕನ್ನಡ ಟೀಚರಾದ ನಾನೂ ಕಂಡಿರಲಿಲ್ಲ. "ಇದು ಕೊಡು," ಎಂದಳು ಕಾಕು.

ಬಸ್ಸಿನಲ್ಲಿ ಅವಳು ಅದನ್ನು ಹಿಂದಿನಿಂದ ತೆರೆದಳು. ಕೊನೆಯ ಅಧ್ಯಾಯದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು. ರೋಗಿಯನ್ನು ನೋಡಿಕೊಳ್ಳುವವರು ತಮ್ಮ ತಪಾಸಣೆಯನ್ನೂ ಮಾಡಿಸಿಕೊಳ್ಳಬೇಕು, ಸರಿಯಾಗಿ ನಿದ್ದೆ ಮಾಡಬೇಕು, ದಿನಕ್ಕೆ ಅರ್ಧ ಗಂಟೆಯನ್ನಾದರೂ ಪೂರ್ತಿ ತಮಗಾಗಿ ಇಟ್ಟುಕೊಳ್ಳಬೇಕು ಎಂದಿತ್ತು.

"ಇದೇನು ನರ್ಸಗೋಳಿಗಿ ಬರದದ್ದೇನು?" ಎಂದು ಕೇಳಿದಳು.

"ಅಲ್ಲ ಕಾಕು. ನಿನ್ನಂಥವ್ರಿಗಿ."

ಅವಳು ಕಿಟಕಿಯ ಹೊರಗೆ ಕಬ್ಬಿನ ಹೊಲಗಳನ್ನು ನೋಡುತ್ತಾ ಕುಳಿತಳು. ಬನಹಟ್ಟಿ ಬರುವ ತನಕ ಪುಸ್ತಕದ ಆ ಪುಟದಿಂದ ಬೆರಳು ತೆಗೆಯಲಿಲ್ಲ.

ಮುಂದಿನ ಸಲ ಕಾಕಾನನ್ನು ತೋರಿಸಲು ಹೋದಾಗ, ಎದ್ದು ಹೊರಡುವ ಮೊದಲು, "ನನ್ನೂ ಒಂದ ಸಲ ನೋಡ್ರಿ," ಎಂದು ತಾನೇ ಡಾಕ್ಟರಿಗೆ ಹೇಳಿದಳು. ರಕ್ತ ಪರೀಕ್ಷೆಯಾಯಿತು. ಸಕ್ಕರೆ ಕಾಯಿಲೆ ಬಂದು ಬಹಳ ಕಾಲವೇ ಆಗಿರಬೇಕು ಎಂದರು ಡಾಕ್ಟರು. ಪಾದ ಜೋಮು ಹಿಡಿಯುತ್ತಿರಲಿಲ್ಲವೇ, ಬಾಯಾರಿಕೆ ಆಗುತ್ತಿರಲಿಲ್ಲವೇ ಎಂದು ಕೇಳಿದರು. "ಆಗತಿತ್ರಿ. ಹಾಗಲಕಾಯಿ ಅರಿಯೂ ಗಡಿಬಿಡ್ಯಾಗ ಲಕ್ಷ್ಯ ಕೊಡಲಿಲ್ಲ," ಎಂದಳು. ಮನೆ ತುಂಬ ಆರೋಗ್ಯದ ಪುಸ್ತಕ ತುಂಬಿದ್ದ ಕಾಲದಲ್ಲಿ, ಆ ಮನೆಯಲ್ಲಿ ನಿಜವಾಗಿ ಬಳಲುತ್ತಿದ್ದ ಇನ್ನೊಬ್ಬರನ್ನು ಯಾವ ಪುಸ್ತಕವೂ ಕಂಡಿರಲಿಲ್ಲ. ಕಾಕಾ ಪಕ್ಕದ ಕುರ್ಚಿಯಲ್ಲಿದ್ದರು. ಸೋತ ಬಲಗೈಯನ್ನು ಎಡಗೈಯಿಂದ ಎತ್ತಿ ಅವಳ ಮಂಡಿಯ ಮೇಲಿಟ್ಟರು. ಡಾಕ್ಟರ ಎದುರಿಗೆ ಹಾಗೆ ಮಾಡುವ ಮನುಷ್ಯರಲ್ಲ ಅವರು.

ಅರ್ಧ ಗಂಟೆಯ ಮಾತನ್ನೂ ಕಾಕು ಅಕ್ಷರಶಃ ಪಾಲಿಸಿದಳು. ದಿನಾ ಸಂಜೆ ಚಹಾದ ಹೊತ್ತಿಗೆ ಒಳಕೋಣೆಗೆ ಹೋಗಿ ಅಗಳಿ ಹಾಕಿಕೊಳ್ಳುತ್ತಾಳೆ. ಬಂದವರಿಗೂ ತೆರೆಯುವುದಿಲ್ಲ, ಫೋನಿಗೂ ತೆರೆಯುವುದಿಲ್ಲ. ಮೊದಮೊದಲು ಕಾಕಾ ಗಾಬರಿಯಾಗಿ ನನಗೆ ಫೋನು ಮಾಡಿದರು. "ಒಳಗ ಏನ ಮಾಡತಾಳ ಕೇಳ ತಂಗಿ. ಧ್ಯಾನ ಮಾಡತಾಳೊ, ಏನ ಅಳತಾಳೊ?" ಕೇಳಿದೆ. "ಏನೂ ಮಾಡೂದಿಲ್ಲ. ಸುಮ್ಮನ ಕುಂದರತೇನಿ. ಅದ ಛಲೋ ಅನಸತೈತಿ," ಎಂದಳು.

ಮೊನ್ನೆಯ ಹಾಗಲಕಾಯಿಯ ವಾಸನೆಯ ನೆಪದಲ್ಲಿ ಭಾನುವಾರ ಬನಹಟ್ಟಿಗೆ ಹೋಗಿದ್ದೆ. ಸರಿಯಾಗಿ ಅದೇ ಹೊತ್ತಿಗೆ ತಲುಪಿದೆ. ಕಾಕಾ ತುಟಿಯ ಮೇಲೆ ಬೆರಳಿಟ್ಟು, ತಾವೇ ಮಾಡಿದ ಚಹಾ ತಂದುಕೊಟ್ಟರು. ಅರ್ಧ ಬಸಿಯಲ್ಲಿ ಚೆಲ್ಲಿತ್ತು, ಉಳಿದರ್ಧಕ್ಕೆ ಸಕ್ಕರೆ ಬಿದ್ದಿರಲಿಲ್ಲ. ಚೆನ್ನಾಗಿದೆ ಎಂದೆ. ಅಗಳಿ ತೆಗೆದು ಹೊರಬಂದ ಕಾಕು ನನ್ನನ್ನು ನೋಡಿ ಮೊದಲು ಕೇಳಿದ್ದು, "ಮಾರಿ ಯಾಕ ಹಿಂಗ ಬಿಳಚಿಕೊಂಡೈತಿ? ಯಾವಾಗಿಂದ?"

ಯಾವಾಗಿನಿಂದ ಎಂದು ನನಗೂ ಗೊತ್ತಿರಲಿಲ್ಲ. ಈಚೀಚೆಗೆ ಮಧ್ಯಾಹ್ನದ ಪಾಠದ ಹೊತ್ತಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಅದಕ್ಕೆ ಏನಾದರೂ ಒಳ್ಳೆಯ ಪುಸ್ತಕವಿದೆಯೇ ಎಂದು ಹುಡುಕುತ್ತಲೂ ಇದ್ದೆ. ಇಷ್ಟೆಲ್ಲ ನೋಡಿಯೂ!

ಮರುದಿನ ಶಾಲೆಗೆ ಅರ್ಧ ದಿನ ರಜೆ ಹಾಕಿ ಮುಧೋಳದಲ್ಲಿಯೇ ಡಾಕ್ಟರ ಹತ್ತಿರ ಹೋದೆ. ನಮ್ಮ ಮನೆಮಂದಿಯನ್ನೆಲ್ಲ ಬಲ್ಲ ಕಂಪೌಂಡರ ಚೀಟಿ ಬರೆಯಲು ಪೆನ್ನು ಎತ್ತಿಕೊಂಡು, ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿದ.

"ಯಾರನ್ನ ತೋರಸಬೇಕ್ರಿ ಟೀಚರ್? ನಿಮ್ಮ ಅತ್ತಿಯವ್ರನ್ನೊ, ಹುಡುಗ್ರನ್ನೊ?"

"ನನ್ನ," ಎಂದೆ. ಆತ ಹೆಸರು ಕೇಳಿದ. ಇಷ್ಟು ವರ್ಷ ಆ ದವಾಖಾನೆಗೆ ಎಲ್ಲರನ್ನೂ ಕರೆದುಕೊಂಡು ಬಂದವಳ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.