ಗುಬ್ಬಿಯ ಡಿಸ್ಕು ಪಾಲಾದ ಭಾನುವಾರ

ಶೆಟ್ಟಿಹಳ್ಳಿಯ ಲಕ್ಷ್ಮೀಕಾಂತ್ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಆರು ತಿಂಗಳ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ ಮೇಲೆ ಆ ನೌಕರಿಯನ್ನು ಅವನು ತನ್ನ ಅಜ್ಞಾತವಾಸವೆಂದೇ ತಿಳಿದಿದ್ದ. ಯಾರ ಮನೆಯ ಕಂಪ್ಯೂಟರ್ ಕೆಮ್ಮಿದರೂ ಸೀಡಿಗಳ ಪೌಚು ಕಂಕುಳಲ್ಲಿಟ್ಟುಕೊಂಡು ಹೊರಡುತ್ತಿದ್ದ. ಏನಾದರೂ ಕೇಳಿದರೆ ಉತ್ತರಿಸುವ ಮುನ್ನ ಒಮ್ಮೆ ಕಣ್ಣು ಮುಚ್ಚುವ ಅಭ್ಯಾಸ ಬೇರೆ.

೨೦೦೩ರ ಒಂದು ಭಾನುವಾರ ಅವನು ಗುಬ್ಬಿಯಲ್ಲಿ ಜೊತೆಗೆಲಸದ ಕನಕರಾಜುವಿನ ಮನೆಗೆ ಬಂದ. ಕನಕರಾಜು ಶಿಫ್ಟಿಗೆ ಹೋಗಿದ್ದ. ಮನೆಯಲ್ಲಿದ್ದವರು ಅವನ ತಂದೆ ಹೊನ್ನಯ್ಯ ಮತ್ತು ಹೆಂಡತಿ ಶೃತಿ. ಶೃತಿ ಮನೆಯಲ್ಲೇ ಡಿಟಿಪಿ ಮಾಡುತ್ತಿದ್ದಳು. ಒಂದು ಹೈಸ್ಕೂಲಿನ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ. ನೂರಿಪ್ಪತ್ತು ಪುಟ ಟೈಪಾಗಿತ್ತು, ಗುರುವಾರ ಪ್ರೆಸ್ಸಿಗೆ ಹೋಗಬೇಕಿತ್ತು. ವಿಂಡೋಸ್‌ನ ಹಾಗೇ ಕಂಪ್ಯೂಟರ್ ನಡೆಸುವ ಲಿನಕ್ಸ್ ಬೇಕು ಅಂತ ಅವಳೇನೂ ಕೇಳಿರಲಿಲ್ಲ. ಪತ್ರಿಕೆಯೊಂದರ ಜೊತೆ ಲಿನಕ್ಸ್ ಸೀಡಿ ಪುಕ್ಕಟೆ ಬಂದಿತ್ತು, ಅದನ್ನು ಹಾಕಲು ಲಕ್ಷ್ಮೀಕಾಂತನಿಗೆ ಯಾರದಾದರೂ ಕಂಪ್ಯೂಟರ್ ಬೇಕಿತ್ತು.

"ಸಾರ್, ಸಂಚಿಕೆ ಫೈಲೆಲ್ಲ ಮೊದ್ಲು ಫ್ಲಾಪಿಗೆ ಹಾಕ್ಕೊಳ್ಳಾ?"

ಲಕ್ಷ್ಮೀಕಾಂತ್ ಕಣ್ಣು ಮುಚ್ಚಿದ. "ನಾನಿದೀನಲ್ಲಮ್ಮ. ವಿಂಡೋಸ್ ಅದ್ರ ಪಾಡಿಗೆ ಇರ್ತದೆ. ಪಕ್ಕದಲ್ಲಿ ಲಿನಕ್ಸ್‌ಗೆ ಜಾಗ ಬಿಡಿಸ್ತೀನಿ."

ಹೊನ್ನಯ್ಯ ಕುರ್ಚಿ ಎಳೆದುಕೊಂಡರು. "ಅದೆಂಗೆ ಸ್ವಾಮಿ, ಒಂದ್ ಡಬ್ಬದೊಳಗೆ ಇಬ್ರು?"

"ತೋಟ ಅಣ್ತಮ್ಮಂದ್ರಿಗೆ ಪಾಲು ಮಾಡ್ದಂಗೆ ಯಜಮಾನ್ರೆ. ನಡುವೆ ಒಂದು ಬದು ಹಾಕೋದು."

ಈ ಹೋಲಿಕೆ ತನಗೇ ಬಹಳ ಹಿಡಿಸಿ ಇನ್ನೊಮ್ಮೆ ಹೇಳಿದ. ಅಲ್ಲೇ ಕೆಟ್ಟಿತು. ಸುತ್ತಿನ ಹಳ್ಳಿಗಳ ಪಾಲುಪಾರೀಕತ್ತಿಗೆಲ್ಲ ಹಿರಿಯರಾಗಿ ಕೂರುತ್ತಿದ್ದ ಹೊನ್ನಯ್ಯ ಎದ್ದು ಹೋಗಿ ಗೋಡೆಯ ಕ್ಯಾಲೆಂಡರ್ ನೋಡಿ ಬಂದರು.

"ನಾಕೂವರೆಗೆ ರಾಹುಕಾಲ. ಪಾಲು ಅಂದ್ಮೇಲೆ ಬದು ಅಷ್ಟ್ರೊಳಗೆ ಬೀಳ್ಬೇಕು. ರಾಹುಕಾಲದಲ್ಲಿ ಪಾಲಾದ ಮನೆ ಉದ್ಧಾರ ಆಗಿದ್ದು ನಾನ್ ಕಾಣೆ."

ಆಗ ಗಂಟೆ ಮೂರೂಮುಕ್ಕಾಲು. ಡಿಸ್ಕಿನಲ್ಲಿ ಚದುರಿದ ಫೈಲುಗಳನ್ನು ಒಂದು ಕಡೆಗೆ ಒತ್ತರಿಸುವ ಕೆಲಸ ನೂರಕ್ಕೆ ಹನ್ನೊಂದು ಭಾಗ ಆಗಿತ್ತು. ಅದು ಮುಗಿದ ಮೇಲೆ ಖಾಲಿ ಜಾಗವನ್ನು ಅಳೆದು ಬಿಡಿಸಬೇಕು. ಆರು ಗಂಟೆಯ ನಂತರ ಮಾಡೋಣ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ತನ್ನಂಥವನಿಗೂ ಇಷ್ಟು ಹೊತ್ತು ಬೇಕೆಂದು ಒಪ್ಪಿಕೊಳ್ಳುವುದು ಹೇಗೆ? ನಾಲ್ಕೂ ಹತ್ತಕ್ಕೆ ಆ ಕೆಲಸ ಅರ್ಧಕ್ಕೇ ನಿಲ್ಲಿಸಿ ಲಿನಕ್ಸ್ ಸೀಡಿ ಹಾಕಿದ. ಜಾಗದ ಹಂಚಿಕೆಯನ್ನು ಸೀಡಿಗೇ ಒಪ್ಪಿಸಿದ. ಡಿಸ್ಕಿನಲ್ಲಿರುವುದೆಲ್ಲ ಹೋಗುತ್ತದೆ, ಆದೀತೇ ಎಂದು ಅದು ಇಂಗ್ಲಿಷಿನಲ್ಲಿ ಕೇಳಿತು.

"ನಾಕೂಕಾಲು," ಎಂದರು ಹೊನ್ನಯ್ಯ.

ಲಕ್ಷ್ಮೀಕಾಂತ್ ಓದದೆ ಯೆಸ್ ಒತ್ತಿದ.

ಐದೂವರೆಗೆ ಕಂಪ್ಯೂಟರ್ ಮತ್ತೆ ಎದ್ದಾಗ ಲಿನಕ್ಸ್ ಒಬ್ಬನೇ ಇಡೀ ತೋಟದಲ್ಲಿ ಕೂತಿದ್ದ. ಬದುವೂ ಇರಲಿಲ್ಲ, ಅಣ್ಣನೂ ಇರಲಿಲ್ಲ.

"ಸಾರ್, ನನ್ನ ಸಂಚಿಕೆ?"

ಲಕ್ಷ್ಮೀಕಾಂತ್ ಕಣ್ಣು ಮುಚ್ಚಿದ. ಈ ಸಲ ತೆರೆಯಲು ಧೈರ್ಯ ಬರಲಿಲ್ಲ. "ವೈರಸ್ ಇತ್ತು ಅನ್ಸುತ್ತೆ. ಹೊರಗಿನ ಫ್ಲಾಪಿ ಏನಾದ್ರೂ ಹಾಕಿದ್ದೇನಮ್ಮ?"

"ಮೇಷ್ಟ್ರು ಕೊಟ್ಟಿದ್ದು ಹಾಕಿದ್ದೆ." ಶೃತಿಯ ದನಿ ಇಳಿಯಿತು.

"ಕಂಡೋರ್ ವಸ್ತು ಒಳಗ್ ಬಿಟ್ಕೊಂಡ್ರೆ ಇನ್ನೇನಾಯ್ತದೆ?" ಹೊನ್ನಯ್ಯ ಸೊಸೆಯ ಕಡೆ ತಿರುಗಿದರು. "ಸಾಕ್ ಬುಡಮ್ಮ ಈ ಕೆಲ್ಸ. ನಾಳೆ ಸ್ಕೂಲಿಗೋಗಿ ಆಗಲ್ಲ ಅಂದ್ಬುಟ್ ಬಾ."

ಅವಳು ಕಾಫಿ ತಂದುಕೊಟ್ಟು, "ನನ್ನಿಂದ ನಿಮ್ಗೂ ತೊಂದ್ರೆ ಆಯ್ತು ಸಾರ್," ಎಂದಳು. ಬರಿಗೈಯಲ್ಲಿ ಕಳಿಸಬಾರದೆಂದು ಎರಡು ತೆಂಗಿನಕಾಯಿಯನ್ನೂ ಚೀಲಕ್ಕೆ ಹಾಕಿದಳು.

ಬಸ್‌ಸ್ಟಾಂಡಿನಲ್ಲಿ ತುಮಕೂರಿನ ಬಸ್ಸು ಬಂತು, ಹೋಯಿತು. ಇನ್ನೊಂದೂ ಹೋಯಿತು. ಚೀಲ ಹಿಡಿದ ಲಕ್ಷ್ಮೀಕಾಂತ್ ಹತ್ತಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಅವನು ಸುಳ್ಳೇ ಹೇಳಿರಲಿಲ್ಲ ಎಂದಲ್ಲ. ಸುಳ್ಳು ಹೇಳಿದವನಿಗೆ ಕಾಫಿ ಕೊಟ್ಟು ಕ್ಷಮೆ ಕೇಳಿದವರು ಯಾರೂ ಇರಲಿಲ್ಲ. ವಾಪಸ್ ನಡೆದ.

ಹೊಸ್ತಿಲಾಚೆ ನಿಂತೇ ಹೇಳಿದ: "ವೈರಸ್ಸೂ ಇಲ್ಲ ಏನೂ ಇಲ್ಲ ಯಜಮಾನ್ರೆ. ನಾನು ಓದ್ದೆ ಒತ್ಬಿಟ್ಟೆ. ಅಳಿಸಿದ್ದು ನಾನೇ."

ಹೊನ್ನಯ್ಯ ಬಾಗಿಲಿಗೆ ಬಂದರು. "ಆಗ್ಲೇ ಅನ್ಬಾರ್ದಾಗಿತ್ತಾ ಸ್ವಾಮಿ? ನನ್ ಕೈಲಿ ಸೊಸೇನ ಬೈಸ್ಬುಟ್ರಲ್ಲ."

ಶೃತಿ ಒಳಗಿಂದ ಕೈಬರಹದ ಹಾಳೆಗಳ ಕಟ್ಟು ತಂದು ಅವನ ಕೈಗೆ ಕೊಟ್ಟಳು. "ಗುರುವಾರಕ್ಕೆ ಆಗ್ಬೇಕು. ನೀವು ಓದಿ, ನಾನು ಹೊಡೀತೀನಿ."

ಮೂರು ದಿನ ರಜೆ ಹಾಕಿ, ವಿಂಡೋಸನ್ನು ಮತ್ತೆ ಕೂರಿಸಿ, ಲಕ್ಷ್ಮೀಕಾಂತ್ ಅಧ್ಯಕ್ಷರ ಸಂದೇಶದಿಂದ ಹಿಡಿದು ಎಲ್ಲವನ್ನೂ ಗಟ್ಟಿಯಾಗಿ ಓದಿದ. ಜಗಲಿಗೆ ಬಂದವರಿಗೆಲ್ಲ ಹೊನ್ನಯ್ಯ ಕಿಟಕಿಯೊಳಗೆ ಬೆರಳು ತೋರಿ, "ಇವ್ರೇ ಅಳಿಸ್ದೋರು," ಎಂದು ಪರಿಚಯಿಸುತ್ತಿದ್ದರು. ಪ್ರತಿ ಸಲವೂ ಅವನ ಕಿವಿ ಬಿಸಿಯಾಗಿ ಓದುತ್ತಿದ್ದ ಸಾಲು ತಪ್ಪುತ್ತಿತ್ತು.

ಬುಧವಾರ ಪಕ್ಕದ ಮನೆಯ ಮಹಾಲಕ್ಷ್ಮಮ್ಮ ಕಿಟಕಿಗೆ ಮುಖವಿಟ್ಟು ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ಪಾಪ, ಓದಾಕಾದ್ರೂ ಬತ್ತದಲ್ಲ ಬುಡಿ," ಎಂದರು.