ನಿಂತು ಮಾಡಿಸಿದ ತಾರಸಿ ಕೆಲಸ

"ಅಲ್ಲೇ ನಿಂದ್ರಿ ಮೇಷ್ಟ್ರೇ, ಕಾಲು ಕಿತ್ತಿಡಬ್ಯಾಡ್ರಿ! ಸಿಮೆಂಟ್ ಇನ್ನೂ ಹಸಿ ಐತೆ."

ಕೂಗಿದವನು ಆನೆಕೊಂಡದ ಕಂಟ್ರಾಕ್ಟರ್ ಬಸಣ್ಣ. ತಿರುಗಿ ನೋಡಿದರೆ ನಾನು ನಮ್ಮ ತಾರಸಿಯ ಈ ಮೂಲೆಯಲ್ಲಿ, ಮೆಟ್ಟಿಲು ಆ ಮೂಲೆಯಲ್ಲಿ. ನಡುವೆ ಆಗಷ್ಟೇ ಬಳಿದ ಸಿಮೆಂಟ್ ಮಿರಮಿರ ಮಿಂಚುತ್ತಿತ್ತು.

ಅದು ೧೯೯೮ರ ಬೇಸಿಗೆ. ದಾವಣಗೆರೆಯ ವಿದ್ಯಾನಗರದ ನಮ್ಮ ಮನೆ ತಾರಸಿ ಸೋರುತ್ತಿತ್ತೆಂದು ಪಾಚಿ ಕೆರೆಸಿ, ತೊಳೆಸಿ, ಸಿಮೆಂಟ್ ಬಳಿಸುತ್ತಿದ್ದೆ. "ಒಣಗುವ ತನಕ ಯಾರೇ ಬಂದರೂ ಕಾಲಿಡಕೂಡದು" ಎಂದು ಬೆಳಿಗ್ಗೆ ಬಸಣ್ಣನಿಗೆ ಕಟ್ಟಪ್ಪಣೆ ಮಾಡಿದವನು ನಾನೇ. ಆಮೇಲೆ ಪ್ಯಾರಾಪೆಟ್‌ಗೆ ಒರಗಿ, ಎದುರು ನಿಂತು ಕೆಲಸ ತೆಗೆಸುವುದು ಹೇಗೆಂದು ಪಕ್ಕದ ಮನೆಯವರಿಗೆ ಪಾಠ ಶುರು ಮಾಡಿದ್ದೆ. ಬಸಣ್ಣ ಎರಡು ಸಲ ಕರೆದನಂತೆ. ನಾನು ತಿರುಗಿಯೂ ನೋಡದೆ ಸುಮ್ಮನಿರು ಎಂದು ಕೈಯಾಡಿಸಿದೆನಂತೆ. ಅವನು ನನ್ನ ಕಾಲು ಬಿಟ್ಟು ಸುತ್ತಲೂ ಬಳಿದುಕೊಂಡು ಹೋಗಿದ್ದ.

ಅವತ್ತೇ ಮಗಳನ್ನು ನೋಡಲು ಹರಿಹರದಿಂದ ಗಂಡಿನ ಕಡೆಯವರು ಬರುವವರಿದ್ದರು. ಬಂದೂ ಬಿಟ್ಟರು. ಹುಡುಗನ ತಂದೆ ನನ್ನನ್ನು ಹುಡುಕಿಕೊಂಡು ಮೆಟ್ಟಿಲು ಹತ್ತಿದರು. ಬಸಣ್ಣ ಅವರನ್ನೂ ಬಾಗಿಲಲ್ಲೇ ತಡೆದ. ಅಲ್ಲಿಂದ ಅವರು ಕೈ ಮುಗಿದರು, ಮೂಲೆಯಿಂದ ನಾನೂ ಮುಗಿದೆ.

"ಅಲ್ರಿ, ಮೇಷ್ಟ್ರನ್ನೇ ಮೂಲೇಲಿ ನಿಲ್ಸಿದೋರು ಯಾರ್ರಿ?" ಎಂದು ಅವರು ನಕ್ಕ ನಗು ಕೆಳಗಿನ ಅಡುಗೆಮನೆಗೂ ಕೇಳಿಸಿತು.

ಸಂಬಂಧ ಕೂಡಿತು. ಬಸಣ್ಣನ ಕೆಲಸವೂ ಗಟ್ಟಿ. ಇವತ್ತಿಗೂ ಜೋರು ಮಳೆಗೆ ತಾರಸಿ ಸೋರುವುದು ಒಂದೇ ಕಡೆ, ಅಂದು ನನ್ನ ಎರಡು ಪಾದಗಳಿದ್ದ ಜಾಗದಲ್ಲಿ. ಅದರ ಕೆಳಗೆ ಬಕೆಟ್ ಇಡುವುದನ್ನು ಮನೆಯವರು ನನಗೇ ಬಿಟ್ಟಿದ್ದಾರೆ.