ರಾಜಾನ ಆಕಳಿಕೆ
ರಾಜಾ ಸತ್ತಂತೆ ಬೆಳಗಿನ ಜಾವ ಕನಸು ಬಿತ್ತು, ಗೆಳತಿಯರೇ. ರಾಜಾ ಎಂದರೆ ನಮ್ಮ ನಾಯಿ. ಎದ್ದವಳೇ ಓಡಿಹೋಗಿ ತಬ್ಬಿಕೊಂಡರೆ ಅವನು ಮುಖ ತಿರುಗಿಸಿ ಆಕಳಿಸಿದ. ಆಕಳಿಕೆ ಬಂದಷ್ಟೂ ಕೆಟ್ಟ ನೆದರು ಜೋರು ಎನ್ನುತ್ತಿದ್ದಳು ನಮ್ಮವ್ವ. ಉಪ್ಪು, ಮೆಣಸಿನಕಾಯಿ ನಿವಾಳಿಸಿದೆ; ಇನ್ನೂ ಆಕಳಿಸಿದ. ಎದೆಗೆ ಅವುಚಿಕೊಂಡೇ ಆಟೋ ಹತ್ತಿ, ನಾವಿರುವ ಈ ತೆಲುಗು ಸೀಮೆಯ ಪಟಾನ್‌ಚೆರುವಿನ ಪಶು ದವಾಖಾನೆಗೆ ಓಡಿದೆ. ಪುಣ್ಯಕ್ಕೆ ಡಾಕ್ಟರು ನಮ್ಮ ವಿಜಯಪುರ ಕಡೆಯವರು.

"ಅವಗೇನೂ ಆಗಿಲ್ಲ ಅಕ್ಕಾ. ನೀವು ಬಿಗಿ ಹಿಡಿದೀರಿ, ಗಾಬರಿಗೆ ಆಕಳಿಸಾಕತ್ತಾನ. ಕೈ ಬಿಡ್ರಿ."

ಬಿಟ್ಟೆ. ಮೈ ಕೊಡವಿ, ನನ್ನ ಕಾಲಿಗೆ ಬೆನ್ನು ಆನಿಸಿ ಕುಳಿತ.

"ಬೆನ್ನು ಯಾಕ ತೋರ್ಸಾಕತ್ತಾನ್ರಿ? ಸಿಟ್ಟೇನು?"

"ನಂಬಿಗಿ ಅಕ್ಕಾ."

ಅದನ್ನೇ ನಾಲ್ಕನೆಯ ಸಲ ಕೇಳಿದಾಗ ಡಾಕ್ಟರೇ ಆಕಳಿಸಿದರು.

ನಾಯಿ ಸಾಕಿದವರೇ, ನಿಮ್ಮದೂ ಹೀಗೇ ಬೆನ್ನು ಕೊಟ್ಟು ಕೂರುತ್ತದೆಯೇ? ಇನ್ನೊಮ್ಮೆ ನೋಡಿ ಹೇಳಿ.